ಕಾಲುವೆ ದಂಡೆಯ ಗಂಡಿ

೧೯೯೫ರ ಮಾರ್ಚ್ ೧೪, ಮಂಗಳವಾರ. ಬೆಳಿಗ್ಗೆ ಏಳು ಗಂಟೆ ದಾಟಿತ್ತು. ಸಿಂಧನೂರಿನ ಠಾಣೆಯ ಮುಂದೆ ಟ್ರ್ಯಾಕ್ಟರೊಂದು ಬಂದು ನಿಂತಾಗ ದಫೇದಾರ ರಹಮಾನಸಾಬ ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತಿದ್ದ. ಟ್ರೇಲರಿನಿಂದ ಜನ ಇಳಿದರು. ಇಬ್ಬರು ಹೆಂಗಸರು ಇನ್ನೊಬ್ಬಳನ್ನು ತೋಳು ಹಿಡಿದು ಒಳಗೆ ಕರೆತಂದರು.

"ನನ್ನ ಗಂಡನ್ನ ಕೊಂದಾರ್ರೀ," ಎಂದಳು ಅವಳು.

ಅವಳ ಹೆಸರು ಗ್ಯಾನಮ್ಮ. ಊರು ಕರೇದಿನ್ನಿ, ತುರ್ವಿಹಾಳದ ಕೆಳಗೆ ಉಪಕಾಲುವೆ ಕೊನೆಯಾಗುವ ಹಳ್ಳಿ. ಸತ್ತವನು ಅವಳ ಗಂಡ ಹೊನ್ನೂರಪ್ಪ, ವಯಸ್ಸು ಮೂವತ್ತೆರಡು. ಕೆಳಭಾಗದ ರೈತರೆಲ್ಲ ಸೇರಿ ಅವನನ್ನು ಕಾಲುವೆ ಕಾಯಲು ನೇಮಿಸಿದ್ದರು.

ಸಬ್‌ಇನ್ಸ್‌ಪೆಕ್ಟರ್ ಮರಿಸ್ವಾಮಿ ತಾವೇ ಪ್ರಶ್ನೆ ಕೇಳಿದರು.

"ಯಾರು ಕೊಂದ್ರು?"

"ತುರ್ವಿಹಾಳದ ಆದಪ್ಪ."

"ನೀ ಕಣ್ಣಾರೆ ನೋಡಿದೀ?"

"ನೋಡೂದು ಏನೈತ್ರೀ? ನೀರು ಕದಿಯಾವ್ರಿಗೆ ನನ್ನ ಗಂಡ ಅಡ್ಡ ಆಗಿದ್ದ. ದಂಡಿ ಮ್ಯಾಲ ಗಂಡಿ ತೋಡ್ಯಾರ. ಗಾಡಿ ಸಮೇತ ಹೋಗಿ ಬಿದ್ದಾನ."

ಮಾರ್ಚ್ ತಿಂಗಳಲ್ಲಿ ಈ ಠಾಣೆಗೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ನೀರಿನದೇ. ಬೇಸಿಗೆ ಭತ್ತ ಹಾಲು ತುಂಬುವ ಹೊತ್ತು. ಮೇಲ್ಭಾಗದವರು ಕಾಲುವೆಗೆ ಹಲಗೆ ಅಡ್ಡ ಹಾಕಿ, ಪೈಪು ಇಳಿಬಿಟ್ಟು ನೀರು ಎಳೆದುಕೊಳ್ಳುತ್ತಾರೆ. ಕೆಳಭಾಗದವರು ಒಣಗಿದ ಕಾಲುವೆಯಲ್ಲಿ ನಿಂತು ಅವರ ವಂಶವನ್ನೆಲ್ಲ ಬೈಯುತ್ತಾರೆ. ತಲೆ ಒಡೆದ ಕೇಸು, ಪೈಪು ಕೊಯ್ದ ಕೇಸು ರಹಮಾನಸಾಬನಿಗೆ ಬಾಯಿಪಾಠವಾಗಿದ್ದವು. ಆದರೆ ನೀರಿನ ಜಗಳಕ್ಕೆ ಹೆಣ ಬಿದ್ದದ್ದನ್ನು ಅವನು ಇಷ್ಟು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ. ಎಫ್.ಐ.ಆರ್. ಬರೆಯುವಾಗ ಕೊಲೆಯ ೩೦೨ನೇ ಕಲಮಿನ ಹತ್ತಿರ ಅವನ ಪೆನ್ನು ಒಂದು ಗಳಿಗೆ ನಿಂತಿತು.

ಜೀಪು ಕರೇದಿನ್ನಿ ಮುಟ್ಟಿದಾಗ ಊರೆಲ್ಲ ಕಾಲುವೆ ದಂಡೆಯ ಮೇಲಿತ್ತು. ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ಅದರ ತಳದಲ್ಲಿ ಹೊನ್ನೂರಪ್ಪ ಮಲಗಿದ್ದ. ಕುತ್ತಿಗೆ ತಿರುಗಬಾರದ ಕಡೆಗೆ ತಿರುಗಿತ್ತು. ಮರಿಸ್ವಾಮಿ ಹೆಣಗಳನ್ನು ಬಹಳ ಕಂಡವರೇ, ಆದರೂ ಆ ಮುಖದ ಮೇಲೆ ನಗುವಿನಂಥದ್ದೇನೋ ಉಳಿದುಬಿಟ್ಟಿತ್ತು. ಅದನ್ನು ಅವರಿಂದ ನೋಡಲಾಗಲಿಲ್ಲ.

ಹೆಣದ ತಲೆಯ ಹತ್ತಿರ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಕುಳಿತು ಸೆರಗಿನಿಂದ ನೊಣ ಹೊಡೆಯುತ್ತಿದ್ದಳು. ಹೊನ್ನೂರಪ್ಪನ ಅಕ್ಕ ಗದ್ದೆಮ್ಮ ಎಂದು ಯಾರೋ ಹೇಳಿದರು. ತಾಯಿ ಸತ್ತಾಗ ಕೈಗೂಸಾಗಿದ್ದ ತಮ್ಮನನ್ನು ತನ್ನ ಗಂಡನ ಊರಿಗೆ ತಂದು ಸಾಕಿದವಳು ಅವಳೇ. ಅವಳು ಅಳುತ್ತಿರಲಿಲ್ಲ.

ಗಾಡಿ ಇನ್ನಷ್ಟು ದೂರದಲ್ಲಿ ಬುಡಮೇಲಾಗಿ ಬಿದ್ದಿತ್ತು. ಅಂಥ ಗಾಡಿಯನ್ನು ಮರಿಸ್ವಾಮಿ ಅದೇ ಮೊದಲು ನೋಡಿದ್ದು. ಮೋಟರ್‌ಸೈಕಲ್ಲಿನ ಹ್ಯಾಂಡಲ್ಲು, ಅದೇ ಥರದ ಸೀಟು, ಕೆಳಗೆ ಮಾತ್ರ ಟ್ರ್ಯಾಕ್ಟರಿನ ಮರಿಗೆ ಹಾಕಿದಂಥ ನಾಲ್ಕು ದಪ್ಪ ಗಾಲಿ. ಕಾಲುವೆ ಸರ್ವೇ ಮಾಡಲು ಬಂದಿದ್ದ ಹೊರದೇಶದ ಕಂಪನಿಯೊಂದು ಹೋಗುವಾಗ ಹರಾಜು ಹಾಕಿತ್ತಂತೆ. ಕೆಸರು, ದಂಡೆ, ಗದ್ದೆ ಎನ್ನದೆ ಎಲ್ಲೆಂದರಲ್ಲಿ ಹೋಗುತ್ತದೆಂದು ಕರೇದಿನ್ನಿಯವರು ಎಕರೆಗಿಷ್ಟು ಭತ್ತ ಕೂಡಿಸಿ ಕೊಂಡಿದ್ದರು. ಊರವರು ಅದನ್ನು ಬರೀ 'ನಾಲ್ಕು ಗಾಲಿ' ಎನ್ನುತ್ತಿದ್ದರು.

ಪಂಚನಾಮೆ ಶುರುವಾಯಿತು. ದಂಡೆಯ ಗಾಡಿದಾರಿಗೆ ಅಡ್ಡವಾಗಿ, ಕಾಲುವೆಯ ಅಂಚಿನ ತನಕ ಮೊಳಕಾಲಾಳದ ತಗ್ಗು, ಊರವರ ಮಾತಿನಲ್ಲಿ ಗಂಡಿ, ತೋಡಿದ್ದರು. ಗಂಡಿಯಲ್ಲಿ ಭತ್ತದ ಹುಲ್ಲಿತ್ತು.

"ಗಂಡಿ ಕಾಣಬಾರದಂತ ಹುಲ್ಲು ಹಾಕ್ಯಾರ ಸಾಹೇಬ್ರ," ಎಂದ ರಹಮಾನಸಾಬ.

ಮರಿಸ್ವಾಮಿ ಬಗ್ಗಿ ಹುಲ್ಲಿನೊಳಗೆ ಕೈ ಹಾಕಿದರು. "ಮರೆಮಾಡಾವ್ರು ಕಡ್ಡಿ ಇಟ್ಟು ಮ್ಯಾಲ ಹೊದಿಸ್ತಾರ. ಇದು ಹಂಗಿಲ್ಲ. ತಳಕ್ಕ ಹಾಸ್ಯಾರ. ಮೊಣಕೈ ಮಟ ಐತಿ ನೋಡು."

"ಯಾಕ ಹಾಸಿರಬಹುದ್ರೀ?"

"ನನಗೇನು ಕನಸು ಬಿದ್ದೈತೇನು? ಇದ್ದದ್ದು ಇದ್ದಂಗ ಬರಿ."

ಅಳತೆ ಮುಗಿದು, ಪಂಚರು ಸಹಿ ಹಾಕುವ ಹೊತ್ತಿಗೆ ಮೇಲುಗಡೆಯಿಂದ ಕೂಗು ಕೇಳಿಸಿತು. ಒಬ್ಬ ರೈತ ದಂಡೆಯ ಮೇಲೆ ಓಡಿಬರುತ್ತಿದ್ದ. "ನೀರು! ನೀರು ಬಂತ್ರೋ!" ಎಂದು ಅರಚುತ್ತಿದ್ದ. ಯಾರಿಗೂ ಅರ್ಥವಾಗುವ ಮೊದಲೇ ಕಸಕಡ್ಡಿ ತಳ್ಳಿಕೊಂಡು ಕೆಂಪು ನೀರಿನ ನಾಲಿಗೆ ಕಾಲುವೆಯ ತಿರುವಿನಲ್ಲಿ ಕಾಣಿಸಿತು. ಬಿರುಕುಗಳು ಗುಳುಗುಳು ಎನ್ನುತ್ತ ನೀರು ಕುಡಿದವು. ಹೆಣದ ಕಾಲು ತೊಯ್ಯಿತು.

"ಎತ್ರಿ! ಮೊದಲು ಎತ್ರಿ!" ಎಂದು ಮರಿಸ್ವಾಮಿ ಬೂಟುಗಾಲಲ್ಲೇ ಇಳಿದರು. ನಾಲ್ವರು ಸೇರಿ ಹೊನ್ನೂರಪ್ಪನನ್ನು ದಂಡೆಗೆ ಎತ್ತಿದರು. ಮೂರು ವಾರದಿಂದ ಯಾವ ನೀರಿಗಾಗಿ ಊರು ಬಾಯಿಬಾಯಿ ಬಿಟ್ಟಿತ್ತೋ ಆ ನೀರು ಕಣ್ಣೆದುರು ಹರಿಯುತ್ತಿತ್ತು. ಯಾರ ಮುಖದಲ್ಲೂ ಸಂತೋಷವಿರಲಿಲ್ಲ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

ನೀರು ಏರುತ್ತ ಬಂದು ಗಂಡಿಯಿಂದ ಸೋರತೊಡಗಿತು. ಬಿಟ್ಟರೆ ದಂಡೆಯೇ ಒಡೆಯುತ್ತದೆ. ಜನ ಮಣ್ಣು ಹುಡುಕಿಕೊಂಡು ಅತ್ತ ಇತ್ತ ಓಡಿದರು. ಗದ್ದೆಮ್ಮ ಮಾತ್ರ ಎದ್ದವಳೇ ನೇರವಾಗಿ ಜಾಲಿ ಕಂಟಿಯ ಹಿಂದೆ ಹೋದಳು. ಅಲ್ಲಿ ಅಚ್ಚುಕಟ್ಟಾಗಿ ಪೇರಿಸಿದ್ದ ಮಣ್ಣಿನ ಹೆಂಟೆಗಳನ್ನು ತಂದು ಗಂಡಿ ಮುಚ್ಚಿ, ಕಾಲಿನಿಂದ ತುಳಿದು ಬಂದೋಬಸ್ತು ಮಾಡಿದಳು. ಮತ್ತೆ ಬಂದು ತಮ್ಮನ ತಲೆಯ ಹತ್ತಿರ ಕುಳಿತಳು.

ಅವತ್ತು ಮಧ್ಯಾಹ್ನ ಗ್ಯಾನಮ್ಮನ ಹೇಳಿಕೆ ಪಡೆದರು.

"ಆದಪ್ಪನ ಮ್ಯಾಲ ಯಾಕ ಸಂಶಯ?"

"ಗಾಡಿ ಕೆಡಿಸಿದಾವ ಅವನ ರೀ. ಸಂಕ್ರಾಂತಿ ಆದಮ್ಯಾಲ ನನ್ನ ಗಂಡಗ ಭೆಟ್ಟಿಯಾಗಿ, ಲಿಂಗಸುಗೂರಾಗ ಮೇಸ್ತ್ರಿ ಒಬ್ಬ ಅದಾನ, ಗಾಡಿ ಶಕ್ತಿ ಹೆಚ್ಚು ಮಾಡ್ತಾನ, ಖರ್ಚು ನಂದು ಅಂದ. ನನ್ನ ಗಂಡ ಹುಚ್ಚಪ್ಪ, ಹೂಂ ಅಂದ. ಮಾಡಿಸ್ಕೊಂಡು ಬಂದಾಗಿಂದ ಅದರ ಸಪ್ಪಳ ಹರದಾರಿ ದೂರ ಕೇಳ್ತಿತ್ತು. ಅವತ್ತಿಂದ ನಮ್ಮ ಊರಿಗೆ ನೀರು ನಿಂತುಹೋತು."

"ಊರಾಗ ಜನ ಏನಂತಿದ್ರು?"

ಗ್ಯಾನಮ್ಮ ತಲೆ ತಗ್ಗಿಸಿದಳು. "ಹೊನ್ನೂರಪ್ಪ ನೀರು ಮಾರ್ಕೊಂಡಾನ ಅಂತಿದ್ರು. ಕಳ್ಳರಿಗೆ ತಿಳೀಲಿ ಅಂತ ಸಪ್ಪಳ ಮಾಡ್ಕೋತ ಹೋಗ್ತಾನ ಅಂತಿದ್ರು."

"ನಿನ್ನ ಗಂಡನ ಅಕ್ಕ ಗದ್ದೆಮ್ಮ?"

"ಆಕಿ ಏನೂ ಅಂದಿಲ್ರೀ. ಇವನಿಗೆ ಈ ಕೆಲಸ ಕೊಡಿಸುವಾಗ ಊರ ಕಟ್ಟಿ ಮ್ಯಾಲ ನಿಂತು, ನನ್ನ ತಮ್ಮ ತಪ್ಪಿದ್ರ ನನ್ನ ಕೇಳ್ರಿ ಅಂದಿದ್ದಳು. ಈಗ ಎಲ್ಲಾರೂ ಆಕೀನ್ನ ಕೇಳಾಕತ್ತಿದ್ರು. ಆಕಿ ಎರಡು ವಾರದಿಂದ ಊರ ಬಾವಿಗೆ ನೀರಿಗೆ ಸೈತ ಹೋಗಿಲ್ಲ."

ಆದಪ್ಪ ತುರ್ವಿಹಾಳದ ಮನೆಯಲ್ಲಿ ಸಿಗಲಿಲ್ಲ. ಸಾವಿನ ಸುದ್ದಿ ಕೇಳಿದವನೇ ಊರು ಬಿಟ್ಟಿದ್ದ. ಓಡಿಹೋದವನೇ ಕೊಂದವನು ಎಂದು ಇಡೀ ಠಾಣೆ ತೀರ್ಮಾನಿಸಿಬಿಟ್ಟಿತು. ಮರಿಸ್ವಾಮಿಯವರಿಗೂ ಹಾಗೇ ಅನ್ನಿಸಿತ್ತು. ಆದರೆ ಒಂದು ವಿಷಯ ಅವರ ತಲೆಯಲ್ಲಿ ಕೊರೆಯುತ್ತಿತ್ತು. ಆ ನೀರು. ಮೇಲ್ಭಾಗದವರು ಸಾವಿಗೆ ಹೆದರಿ ನೀರು ಬಿಟ್ಟಿದ್ದಾರೆಂದು ಕರೇದಿನ್ನಿಯಲ್ಲಿ ಎಲ್ಲರೂ ನಂಬಿದ್ದರು. ತುರ್ವಿಹಾಳದಿಂದ ಕರೇದಿನ್ನಿಗೆ ಒಣ ಕಾಲುವೆಯಲ್ಲಿ ನೀರು ಹರಿದು ಬರಲು ನಾಲ್ಕು ತಾಸಾದರೂ ಬೇಕು. ನೀರು ಕಾಣಿಸಿದ್ದು ಒಂಬತ್ತರ ಹೊತ್ತಿಗೆ, ಗಾಡಿ ಬಿದ್ದದ್ದು ಊರವರಿಗೆ ಕೇಳಿಸಿದ್ದು ನಸುಕಿನ ಐದೂವರೆಗೆ. ಅಂದರೆ ಹೊನ್ನೂರಪ್ಪ ಸಾಯುವ ಮೊದಲೇ ನೀರು ಹೊರಟಿತ್ತು. ಬಿಟ್ಟವರು ಯಾರು?

ಗುರುವಾರ ಆದಪ್ಪ ಮಸ್ಕಿಯಲ್ಲಿ ಅಳಿಯನ ಮನೆಯಲ್ಲಿ ಸಿಕ್ಕ. ಅರವತ್ತರ ಮನುಷ್ಯ, ತಲೆಗೆ ಬಿಳಿ ಪಟಗ. ಪೊಲೀಸರನ್ನು ಕಂಡವನೇ ಪಟಗ ತೆಗೆದು ಮಡಿಲಲ್ಲಿಟ್ಟುಕೊಂಡು ಹೊರಸಿನ ಮೇಲೆ ಕುಳಿತ.

"ಗಾಡಿಗೆ ಸಪ್ಪಳ ಹಚ್ಚಿಸಿದಾವ ನೀನು. ಹೌದೋ ಅಲ್ಲೋ?"

"ಹೌದ್ರೀ."

"ಯಾಕ?"

"ಮೊದಲು ಅದು ಬೆಕ್ಕು ಬಂದಂಗ ಬರ್ತಿತ್ರೀ. ಹಲಗಿ ಹಾಕಿದ್ವಿ ಅನ್ನೂದ್ರಾಗ ತಲಿ ಮ್ಯಾಲ ನಿಂತಿರ್ತಿದ್ದ. ಸಪ್ಪಳ ಬಂದಮ್ಯಾಲ ಅವ ಇನ್ನೂ ದೂರ ಇದ್ದಾಗ ಹಲಗಿ ಪೈಪು ಎತ್ತಿಡ್ತಿದ್ವಿ, ಹೋದ ಕೂಡ್ಲೇ ಹಾಕ್ತಿದ್ವಿ."

"ಅವಗ ಎಷ್ಟು ಕೊಟ್ಟಿ?"

"ಒಂದು ಕಾಳು ಕೊಟ್ಟಿಲ್ರೀ. ಅವ ತಗೊಳ್ಳಾವ ಅಲ್ಲ. ಶಕ್ತಿ ಬಂದ್ರ ನಿಮ್ಮನ್ನೆಲ್ಲ ಲಗೂನ ಹಿಡೀತೀನಿ ಅಂತ ನನ್ನ ಮುಂದನ ನಗ್ತಿದ್ದ. ಅಂಥಾವನ್ನ ನಾ ಯಾಕ ಕೊಲ್ಲಲಿ ರೀ? ಅವ ಸತ್ರ ನಾಳೆ ಮತ್ತೊಬ್ಬ ಸೈಕಲ್ ಮ್ಯಾಲ ಬರ್ತಾನ. ಸೈಕಲ್ಲಿಗೆ ಸಪ್ಪಳ ಐತೇನ್ರೀ?"

ಕಳ್ಳನ ಮಾತಾದರೂ ಅದರಲ್ಲಿ ನ್ಯಾಯವಿತ್ತು. ಮರಿಸ್ವಾಮಿ ಕುರ್ಚಿ ಹತ್ತಿರ ಎಳೆದುಕೊಂಡರು.

"ಮಂಗಳವಾರ ನಸುಕಿನ್ಯಾಗ ನೀರು ಬಿಟ್ಟಾವ್ರು ಯಾರು?"

ಆದಪ್ಪನ ಕಣ್ಣು ತುಂಬಿ ಬಂದವು. "ಅವನ ರೀ. ಅವತ್ತು ಗಾಡಿ ದೂರ ನಿಲ್ಲಿಸಿ ನಡಕೊಂಡು ಬಂದ. ನಮಗ ಗೊತ್ತ ಆಗಲಿಲ್ಲ. ಕೈಯಾಗ ಪೈಪು ಹಿಡಕೊಂಡು ನಿಂತಾಗ ಹಿಂದಿನಿಂದ, ಕಾಕಾ, ನಿನ್ನ ಆಟ ನನಗ ತಿಳೀತು ಅಂದ. ಸಪ್ಪಳದ ವಿಷಯಾನೂ ಅವಗ ತಿಳಿದಿತ್ತು. ಹಲಗಿ ಎಲ್ಲ ತಾನ ಕಿತ್ತು ನೀರಿಗೆ ತೇಲಿಬಿಟ್ಟ. ಈ ಸುದ್ದಿ ಮೊದಲು ನಮ್ಮ ಅಕ್ಕಗ ಹೇಳಬೇಕು ಅಂತ ಓಡಿಹೋಗಿ ಗಾಡಿ ಹತ್ತಿದ. ಹಿಂಗಾಗ್ತದಂತ ಯಾರಿಗೆ ಗೊತ್ತಿತ್ರೀ?"

ರಹಮಾನಸಾಬನ ಪೆನ್ನು ನಿಂತುಹೋಗಿತ್ತು. ಊರೆಲ್ಲ ಕಳ್ಳನೆಂದ ಮನುಷ್ಯ ಅದೇ ಊರಿಗೆ ನೀರು ತಿರುಗಿಸಿ, ಅದು ಮುಟ್ಟುವ ಮೊದಲೇ ಅದೇ ಕಾಲುವೆಯಲ್ಲಿ ಹೆಣವಾಗಿದ್ದ. ಮರಿಸ್ವಾಮಿ ಎದ್ದು ಹೊರಗೆ ಬಂದು ಜೀಪು ಹತ್ತಿದರು.

ಅಲ್ಲಿಂದ ಜೀಪು ಲಿಂಗಸುಗೂರಿಗೆ ಹೋಯಿತು. ಮೇಸ್ತ್ರಿ ಬಾಬುಸಾಬನ ಗ್ಯಾರೇಜು ಬಸ್‌ಸ್ಟ್ಯಾಂಡಿನ ಹಿಂದೆ. ಮಾತುಗಾರ ಮನುಷ್ಯ, ತನ್ನ ಕೆಲಸದ ಬಗ್ಗೆ ಕೇಳಿದರೆ ಪೊಲೀಸರೆಂಬುದನ್ನೂ ಮರೆತು ಅರಳುತ್ತಿದ್ದ. ಗಾಡಿ ಓಡಿಸುವವನು ಸತ್ತದ್ದು ಅವನಿಗಿನ್ನೂ ಗೊತ್ತಿರಲಿಲ್ಲ.

"ಆದಪ್ಪ ಏನು ಮಾಡಂದಿದ್ದ?"

"ಸಪ್ಪಳ ಕೇಳಿದ್ರು ಸಾಬ್. ಬರೇ ಸಪ್ಪಳ. ಸೈಲೆನ್ಸರ್ ಒಳಗಿನ ಜಾಳಿಗಿ ತೆಗೀ ಅಂದ್ರು, ತೆಗೆದೆ."

"ಅಷ್ಟನಾ?"

"ಅಷ್ಟಕ್ಕ ಬಿಟ್ರ ಹೆಂಗ್ರೀ? ಅದು ಫೋರ್ ಸ್ಟ್ರೋಕ್ ಇಂಜಿನ್. ಹೊಗಿ ಹೋಗೋ ದಾರಿ ಅಗಲ ಮಾಡಿ ಸುಮ್ನ ಬಿಟ್ರ ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲಲ್ಲ. ವಾಲ್ವ್ ಸುಟ್ಟು ಹೋಗ್ತಾವ. ಅದಕ್ಕ ಕಾರ್ಬುರೇಟರಿಗೆ ಪೆಟ್ರೋಲ್ ಹೆಚ್ಚು ಬಿಡೋ ದೊಡ್ಡ ತೂತಿನ ಜೆಟ್ ಹಾಕಿದೆ. ಆಮ್ಯಾಲ ಅದಕ್ಕ ತಕ್ಕಂಗ ಗಾಳಿ ಬೇಕಲ್ಲ, ಏರ್ ಫಿಲ್ಟರ್ ಡಬ್ಬಿ ಮುಚ್ಚಳ ತೆಗೆದೆ. ಇಂಜಿನ್ ಎಷ್ಟು ಛಂದ ಉಸಿರಾಡ್ತಿತ್ತು ಅಂತೀರಿ! ಎಕ್ಸಲೇಟರ್ ಹೆಬ್ಬಟ್ಟಿನಿಂದ ಒತ್ತೂದು ಸಾಬ್. ಅರ್ಧಕ್ಕಿಂತ ಹೆಚ್ಚಿಗಿ ಒತ್ತಬಾರದು ಅಂತ ಅಲ್ಲೊಂದು ತಿರುಪು ಇಟ್ಟಿದ್ರು, ಹೊಸಬರ ಸಲುವಾಗಿ. ಇಷ್ಟು ಮಾಡಿ ಇದೊಂದು ಯಾಕ ಅಡ್ಡ ಅಂತ ಅದನ್ನೂ ತೆಗೆದುಬಿಟ್ಟೆ."

"ತೆಗೀ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸಾಬ್. ಕೆಲಸ ಅಂದ್ರ ಪೂರಾ ಮಾಡಬೇಕಲ್ರೀ."

"ಗಾಡಿ ಎಷ್ಟು ಜೋರು ಹೋಗ್ತಿತ್ತು?"

"ಮೊದಲು ಸೈಕಲ್ಲಿಗಿಂತ ತುಸು ಜೋರು. ಟ್ರಯಲ್ ನೋಡುವಾಗ ಮಸ್ಕಿ ಬಸ್ಸನ್ನ ಹಿಂದ ಹಾಕ್ತು."

ಆಗ ಮರಿಸ್ವಾಮಿ ವಿಷಯ ಹೇಳಿದರು. ಬಾಬುಸಾಬ ಪಾನಾ ಕೆಳಗಿಟ್ಟು ನೆಲದ ಮೇಲೆ ಕುಳಿತುಬಿಟ್ಟ. "ಸಪ್ಪಳ ಅಷ್ಟ ಕೇಳಿದ್ರು ಸಾಬ್, ಸಪ್ಪಳ ಅಷ್ಟ," ಎಂದು ಹೇಳುತ್ತಲೇ ಇದ್ದ.

ಹಿಂದಿರುಗುವಾಗ ಮಸ್ಕಿಯಲ್ಲಿ ಚಹಾಕ್ಕೆ ನಿಂತರು. ಮರಿಸ್ವಾಮಿ ತಮ್ಮಷ್ಟಕ್ಕೇ ಮಾತಾಡುವಂತೆ ಹೇಳಿದರು: "ಗಾಡಿ ಮೊದಲಿನಂಗ ನಿಧಾನ ಬಂದಿದ್ರ ಏನಾಗ್ತಿತ್ತು?"

"ಮುಂದಿನ ಗಾಲಿ ಗಂಡ್ಯಾಗ ಇಳಿದು ಹುಲ್ಲಿನ ಮ್ಯಾಲ ಕುಂದರ್ತಿತ್ರೀ. ಅವನಿಗೆ ಒಂದು ಗೀರೂ ಬೀಳ್ತಿದ್ದಿಲ್ಲ," ಎಂದ ರಹಮಾನಸಾಬ. "ಕೊಲ್ಲಾವ ಹಾಸಿಗಿ ಹಾಸ್ತಾನೇನ್ರೀ?"

ಹೇಳಿದವನೂ ಕೇಳಿದವರೂ ಒಟ್ಟಿಗೇ ಮುಖ ಮುಖ ನೋಡಿಕೊಂಡರು. ತೋಡಿದವರಿಗೆ ಗಾಡಿ ನಿಲ್ಲಬೇಕಿತ್ತು, ಹೊನ್ನೂರಪ್ಪನಿಗೆ ನೋವಾಗಬಾರದಿತ್ತು. ಗಾಡಿಯ ಸಪ್ಪಳ ಅವರಿಗೆ ಗೊತ್ತಿತ್ತು, ಓಟ ಗೊತ್ತಿರಲಿಲ್ಲ. ಆಮೇಲೆ ಗಂಡಿ ಮುಚ್ಚಲೆಂದು ಹೆಂಟೆಗಳನ್ನು ಎತ್ತಿಟ್ಟಿದ್ದರು. ಆ ಹೆಂಟೆಗಳು ಎಲ್ಲಿವೆಯೆಂದು ಊರಿನಲ್ಲಿ ಒಬ್ಬಳಿಗೆ ಮಾತ್ರ ತಿಳಿದಿತ್ತು.

"ಯಾ ಅಲ್ಲಾ," ಎಂದ ರಹಮಾನಸಾಬ. ಮರಿಸ್ವಾಮಿ ಚಹಾವನ್ನು ಹಾಗೇ ಇಟ್ಟು ಎದ್ದರು.

ಸಂಜೆ ಗ್ಯಾನಮ್ಮನಿಗೆ ಕೇಳಿದ್ದು ಒಂದೇ ಪ್ರಶ್ನೆ, ಗಾಡಿಯ ಈಗಿನ ಓಟ ಯಾರಿಗೆಲ್ಲ ಗೊತ್ತಿತ್ತು ಎಂದು. ಅವಳು ಕಣ್ಣೊರೆಸಿಕೊಂಡು ಹೇಳಿದಳು: "ಜೋರು ಹೋಗೂದು ನನಗೊಬ್ಬಾಕಿಗೆ ಗೊತ್ತಿತ್ರೀ. ನನ್ನ ತವರುಮನಿ ಸಾಲಗುಂದಕ್ಕ ಒಮ್ಮೆ ಹಿಂದ ಕುಂದ್ರಿಸ್ಕೊಂಡು ಹೋದಾಗ ಹೆದರಿ ಅತ್ತುಬಿಟ್ಟಿದ್ದೆ. ಅಕ್ಕಗ ಹೇಳಬ್ಯಾಡ, ಬೈತಾಳ ಅಂದಿದ್ದ. ಆಕಿ ಹೊಲ ಬಂತಂದ್ರ ಎತ್ತಿನಗಾಡಿ ಹಂಗ ನಿಧಾನ ಹೋಗ್ತಿದ್ದ."

ಮಾರ್ಚ್ ೧೭, ಶುಕ್ರವಾರ ಬೆಳಿಗ್ಗೆ ಮರಿಸ್ವಾಮಿ ರಹಮಾನಸಾಬನನ್ನೂ ಮಹಿಳಾ ಪೇದೆ ಪಾರ್ವತೆಮ್ಮನನ್ನೂ ಜೊತೆಗೆ ಕರೆದುಕೊಂಡು ಗದ್ದೆಮ್ಮನ ಹೊಲಕ್ಕೆ ಹೋದರು. ಗದ್ದೆಯಲ್ಲಿ ನೀರು ನಿಂತಿತ್ತು. ಅವಳು ಸಲಿಕೆ ಹಿಡಿದು ಬದುವಿನ ಮೇಲಿದ್ದಳು. ಮರಿಸ್ವಾಮಿ ಹಾದಿಯುದ್ದಕ್ಕೂ ಪ್ರಶ್ನೆಗಳನ್ನು ಜೋಡಿಸಿಕೊಂಡು ಬಂದಿದ್ದರು. ಅವಳ ಮುಖ ನೋಡಿದ ಮೇಲೆ ಒಂದನ್ನೂ ಕೇಳಲಾಗಲಿಲ್ಲ.

"ಗದ್ದೆಮ್ಮ, ನಿನ್ನ ತಮ್ಮ ಯಾರ ಕಡಿಂದನೂ ಏನೂ ತಗೊಂಡಿದ್ದಿಲ್ಲ," ಎಂದರು.

ಸಲಿಕೆ ನಿಂತಿತು. "ಏನಂದ್ರಿ?"

"ಆದಪ್ಪ ಅವನಿಗೆ ಮೋಸ ಮಾಡಿದ್ದ. ಸಪ್ಪಳ ಯಾಕಂತ ಅವನಿಗೂ ಗೊತ್ತಿದ್ದಿಲ್ಲ. ಮಂಗಳವಾರ ತಿಳೀತು. ಹೋಗಿ ಹಲಗಿ ಕಿತ್ತು ನೀರು ಬಿಟ್ಟಾನ."

"ಊರಾಗ, ಸತ್ತಿದ್ದಕ್ಕ ಹೆದರಿ ಅವರ ಬಿಟ್ಟಾರ ಅಂದ್ರು."

"ನೀರು ಹೊಂಟಾಗ ನಿನ್ನ ತಮ್ಮ ಜೀವಂತ ಇದ್ದ. ಗಾಡಿ ದೂರ ನಿಲ್ಲಿಸಿ ಕಾಲ್ನಡಿಗಿಲೆ ಹೋಗಿ ಅವರನ್ನ ಹಿಡಿದಿದ್ದ. ಆ ಸುದ್ದಿ ನಿನಗ ಹೇಳಾಕ ಜೋರು ಬಂದ."

"ನಡಕೊಂಡು ಹೋಗಿದ್ದನಾ?" ಎಂದಳು ಗದ್ದೆಮ್ಮ. ಸಲಿಕೆಯನ್ನು ಬದುವಿನ ಮೇಲೆ ಇಟ್ಟು ಮತ್ತೆ ಕೇಳಿದಳು. "ನಡಕೊಂಡು?"

ಅವಳು ಗದ್ದೆಯ ನೀರಿನಲ್ಲೇ ಕುಳಿತಳು. ಪಾರ್ವತೆಮ್ಮ ಓಡಿಹೋಗಿ ಹಿಡಿದುಕೊಂಡಳು. ಆಗ ಬಂದ ಅಳು ಇಷ್ಟು ದಿನ ಎಲ್ಲಿತ್ತೋ. ಪಕ್ಕದ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರೂ ಎದ್ದು ನಿಂತರು.

"ನಾನ ತೋಡಿದ್ದು ಯಪ್ಪಾ," ಎಂದಳು. "ಆ ಸುಡುಗಾಡು ಗಾಡಿ ಮುರಿದು ಮೂಲಿ ಸೇರಿದ್ರ ಮೊದಲಿನಂಗ ನಡಕೊಂಡು ಕಾಲಿವಿ ಕಾಯ್ತಾನ, ಸಪ್ಪಳ ಇರೂದಿಲ್ಲ, ನೀರು ಬರ್ತದ, ಊರವರ ಬಾಯಿ ಮುಚ್ಚತದ ಅಂತ ರಾತ್ರಿ ಅವ ಮ್ಯಾಲಿನ ಕಡೆ ಹೋದಮ್ಯಾಲ ತೋಡಿದೆ. ಮೈಗೆ ತಾಗೀತಂತ ಹುಲ್ಲು ಹಾಸಿದೆ. ಗಾಡಿ ಸಿಕ್ಕೊಂಡ ಕೂಡ್ಲೇ ಎದ್ದು ಬಂದು ಎರಡು ಏಟು ಹಾಕಿ ಮನಿಗೆ ಕರಕೊಂಡು ಹೋಗಬೇಕಂತ ಜಾಲಿ ಕಂಟಿ ಹಿಂದ ಕುಂತಿದ್ದೆ. ನನ್ನ ಕಣ್ಣ ಮುಂದ ಹಾರಿ ಹೋದ."

"ಅವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಯಾಕ ತೋಡಿದಿ ಅಂತ ಕೇಳ್ತಿದ್ರಿ. ನನ್ನ ತಮ್ಮ ನೀರು ಮಾರ್ಕೊಂಡಾನ, ಅದಕ್ಕ ತೋಡಿದೆ ಅಂತ ನನ್ನ ಬಾಯಿಲೆ ಹೆಂಗ ಹೇಳಲಿ? ಸತ್ತಾವಗ ಅಕ್ಕ ಆಗಿ ನಾನ ಕಳ್ಳ ಅಂದಂಗ ಆಗ್ತಿತ್ತು. ಈಗ ಬರಕೋ, ಎಲ್ಲಾ ಹೇಳ್ತೀನಿ. ಮೊದಲು ಅವ ನೀರು ಮಾರಿದ್ದಿಲ್ಲ ಅಂತ ಬರಿ. ಆಮ್ಯಾಲ ನಂದು ಬರಿ."

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಅದು ಮರಿಸ್ವಾಮಿಯವರಿಗೆ ಗೊತ್ತಿತ್ತು, ಆದರೂ ಅವಳು ಹೇಳಿದ ಕ್ರಮದಲ್ಲೇ ಬರೆಸಿದರು. ಕಲಮು ೩೦೨ರ ಬದಲು, ಕೊಲೆಯೆನಿಸದ ನರಹತ್ಯೆಯ ೩೦೪ ಎಂದು ಬದಲಾಯಿಸಲು ಕೋರ್ಟಿಗೆ ವರದಿ ಕಳಿಸುವುದೆಂದು ಅಲ್ಲೇ ತೀರ್ಮಾನವಾಯಿತು. ದ್ವೇಷ, ಆಸ್ತಿ, ಹೆಣ್ಣು ಎಂದು ಕಾರಣ ಬರೆದು ರೂಢಿಯಾಗಿದ್ದ ರಹಮಾನಸಾಬನಿಗೆ ಇಲ್ಲಿ ಕಾರಣದ ಜಾಗದಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ. ಊರ ಮುಂದೆ ತಮ್ಮನ ಸಲುವಾಗಿ ಕೊಟ್ಟ ಮಾತು ಎಂದು ಮರಿಸ್ವಾಮಿ ಹೇಳಿಕೊಟ್ಟರು.

ಜೀಪು ಊರು ದಾಟುವಾಗ ಗದ್ದೆಮ್ಮ ಕಟ್ಟೆಯ ಹತ್ತಿರ ನಿಲ್ಲಿಸಲು ಬೇಡಿದಳು. "ನಾ ಮಾತು ಕೊಟ್ಟ ಜಾಗ ಇದು. ಇಲ್ಲಿ ಓದಿ ಹೇಳಸ್ರಿ," ಎಂದಳು. ಹಾಗೆ ಮಾಡುವ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ. ಮರಿಸ್ವಾಮಿ ರಹಮಾನಸಾಬನ ಕಡೆ ನೋಡಿ ತಲೆ ಆಡಿಸಿದರು.

ಜನ ಕೂಡಿದರು. ಗ್ಯಾನಮ್ಮನೂ ಬಂದು ಗೋಡೆಗೆ ಒರಗಿ ನಿಂತಳು. ರಹಮಾನಸಾಬ ಗಟ್ಟಿಯಾಗಿ ಓದಿದ: ಹೊನ್ನೂರಪ್ಪ ಯಾರಿಂದಲೂ ಏನೂ ಪಡೆದಿರಲಿಲ್ಲ, ಸಾಯುವ ದಿನ ನಸುಕಿನಲ್ಲಿ ಕರೇದಿನ್ನಿಗೆ ನೀರು ಬಿಟ್ಟವನು ಅವನೇ. ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಮುಂದಿನ ಸಾಲಿಗೆ ಬಂದಾಗ ರಹಮಾನಸಾಬ ಕಾಗದ ಮಡಿಚಲು ಹೋದ.

"ಯಾಕ ನಿಲ್ಲಿಸ್ದಿ?" ಎಂದಳು ಗದ್ದೆಮ್ಮ. "ಇನ್ನ ನಂದು ಓದು."